ಮಿಷನ್ ಹಣದ ಸಂಶೋಧನೆ: ಕರಾವಳಿಯ ಕಾಲೇಜುಗಳು ಜೊತೆಗೂಡಿ ಕೆಲಸ ಮಾಡೋದು ಈಗ ಯಾಕೆ ಕಷ್ಟ?

ಮಂಗಳೂರು: ಕ್ರೈಸ್ತ ಸಂಸ್ಥೆಯೊಂದು ಸಂಶೋಧನೆಗೆ ಹಣ ಹಾಕ್ತದೆ ಅಂದ ಕೂಡಲೇ ಕರಾವಳಿಯಲ್ಲಿ ಎರಡು ಮಾತು ಕೇಳಿ ಬರ್ತದೆ. ಒಂದು, ಇದು ಮತಾಂತರದ ದುಡ್ಡು. ಇನ್ನೊಂದು, ಮಿಷನ್‌ನವರು ಬಾರದಿದ್ದರೆ ಕನ್ನಡಕ್ಕೆ ನಿಘಂಟೇ ಇರುತ್ತಿರಲಿಲ್ಲ. ಎರಡೂ ಅರ್ಧ ಸತ್ಯ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದದ್ದು ಧರ್ಮ ಪ್ರಚಾರಕ್ಕೇ. ಅದರಲ್ಲಿ ಮುಚ್ಚುಮರೆ ಇಲ್ಲ. ಹಾಗೇ, ಕನ್ನಡದಲ್ಲಿ ನಿಘಂಟುಗಳು ಹಳಗನ್ನಡದ ಕಾಲದಿಂದಲೂ ಇವೆ. ಆದರೆ ಅದೇ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ತಂದರು. ಆಮೇಲೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದಕ್ಕೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಹಣ ಕೊಟ್ಟವರ ನಂಬಿಕೆ ಒಂದು, ಅಚ್ಚಾದ ಪುಸ್ತಕದ ನಂಬಿಕೆ ಇನ್ನೊಂದು. ಊರಿನ ಪಂಡಿತರ ನೆರವಿಲ್ಲದೆ ಇದ್ಯಾವುದೂ ಆಗುತ್ತಿರಲಿಲ್ಲ.

ಹಾಗಾದರೆ ಇವತ್ತು ಅಂಥ ಕೂಡು ಸಂಶೋಧನೆ ಮಾಡಬಹುದಾ?

2020ರಲ್ಲಿ ಬದಲಾದದ್ದೇನು?

ವಿದೇಶದ ಚರ್ಚ್ ಅಥವಾ ಟ್ರಸ್ಟ್ ಇಲ್ಲಿನ ಸಂಸ್ಥೆಗೆ ಹಣ ಕಳಿಸಬೇಕಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅನ್ವಯಿಸ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಹಣ ಮೊದಲು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಸಂಶೋಧನೆಗೆ ಜೋರಾಗಿ ತಟ್ಟಿದ್ದು ಮೂರನೆಯದು: ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಮೊದಲು, ನೋಂದಣಿ ಇರುವ ಇನ್ನೊಂದು ಸಂಸ್ಥೆಗೆ ಕೊಡಬಹುದಿತ್ತು.

ಒಂದು ಉದಾಹರಣೆ ತಗೊಳ್ಳಿ. ಒಂದು ದೇವಶಾಸ್ತ್ರ ಕಾಲೇಜು, ಒಂದು ಡಿಗ್ರಿ ಕಾಲೇಜು, ಒಂದು ಸಣ್ಣ ತುಳು ಸಂಘ ಸೇರಿ ಹಳೆ ದಾಖಲೆಗಳ ಅಧ್ಯಯನಕ್ಕೆ ಹೊರಡ್ತವೆ ಅಂದುಕೊಳ್ಳಿ. ಹಣ ದೇವಶಾಸ್ತ್ರ ಕಾಲೇಜಿಗೆ ಬಂದರೆ ಉಳಿದ ಇಬ್ಬರಿಗೆ ಪಾಲು ಕೊಡುವಂತಿಲ್ಲ. ಮೂವರಿಗೂ ಬೇರೆ ಬೇರೆ ಅನುಮತಿ ಬೇಕು. ಸಣ್ಣ ಸಂಘ ಅಲ್ಲಿಗೇ ಕೈಬಿಡ್ತದೆ. ಉಳಿಯೋದು ದೊಡ್ಡ ಸಂಸ್ಥೆ ಮಾತ್ರ. ಹೊರಗಿನವರ ಪ್ರಶ್ನೆಯೂ ಇಲ್ಲದೆ, ಬೇರೆ ನಂಬಿಕೆಯವರ ಪಾಲೂ ಇಲ್ಲದೆ ಅಧ್ಯಯನ ನಡೀತದೆ. ಒಂದೇ ಕಡೆ ವಾಲುವ ಸಂಶೋಧನೆ ಬೇಡ ಅನ್ನುವವರಿಗೇ ಇದು ನಷ್ಟ.

ಸಮಯದ ಲೆಕ್ಕವೂ ಇದೆ. ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಎಫ್‌ಸಿಆರ್‌ಎ ನೋಂದಣಿಗೆ ಆಯುಷ್ಯ 5 ವರ್ಷ. ಆಮೇಲೆ ನವೀಕರಣಕ್ಕೆ ಕಾಯಬೇಕು.

ಅನುಮಾನಕ್ಕೆ ಉತ್ತರ ಲೆಕ್ಕಪತ್ರ

ವಿದೇಶಿ ಹಣದ ಮೇಲೆ ನಿಗಾ ಬೇಡ ಅಂತ ಯಾರೂ ಹೇಳಲಾರರು. ಜನರಿಗೆ ಲೆಕ್ಕ ಕಾಣಬೇಕು. ಆದರೆ ಮೂರು ತಿಂಗಳಿಗೊಮ್ಮೆ ಬಂದ ಹಣದ ವಿವರವನ್ನು ವೆಬ್‌ಸೈಟ್‌ನಲ್ಲಿ ಹಾಕಬೇಕೆಂಬ ನಿಯಮವನ್ನು 2022ರಲ್ಲಿ ತೆಗೆದುಹಾಕಲಾಯಿತು. ಈಗ ವಾರ್ಷಿಕ ಲೆಕ್ಕ ಸಾಕು. ಹಿಡಿತ ಬಿಗಿಯಾಯಿತು, ಜನರಿಗೆ ಕಾಣುವುದು ಕಡಿಮೆಯಾಯಿತು. ಸಂಸ್ಥೆಗಳು ತಾವಾಗಿಯೇ ಯಾರ ಹಣ, ಎಷ್ಟು, ಯಾವ ಷರತ್ತು ಅಂತ ಹಾಕಿದರೆ ತಡೆಯುವವರಿಲ್ಲ.

ಅತ್ತ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ಗುಂಡರ್ಟ್ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ತೆರೆಯಿತು. ಅಲ್ಲಿನ ಸಂಶೋಧನಾ ಪ್ರತಿಷ್ಠಾನ ಹಣ ಕೊಟ್ಟಿತು. ಮಲಯಾಳದ ಜೊತೆ ಕನ್ನಡ, ತುಳು ಪುಸ್ತಕಗಳೂ ಅದರಲ್ಲಿವೆ. ಮಿಷನ್‌ನ ಹಳೆ ದಾಖಲೆಗಳು ಇಲ್ಲೇ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಇವೆ. ಅವನ್ನು ಓದಿ ಪ್ರಶ್ನೆ ಕೇಳಬೇಕಾದವರು ಊರಿನವರೇ.

ದಾರಿ ಪೂರ್ತಿ ಮುಚ್ಚಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಗಲ್ಫ್‌ನಲ್ಲಿ ದುಡಿದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ದೇಣಿಗೆ ಕಾನೂನಿನ ಲೆಕ್ಕದಲ್ಲಿ ವಿದೇಶಿ ಹಣ ಅಲ್ಲ. ಅದನ್ನು ಹಂಚಿಕೊಳ್ಳಲು ಈ ತಡೆ ಇಲ್ಲ. ಗಲ್ಫ್ ದುಡ್ಡಿನಿಂದ ಕರಾವಳಿಯಲ್ಲಿ ಎಷ್ಟೋ ಚರ್ಚ್, ದೇವಸ್ಥಾನ, ಮಸೀದಿಗಳು ಎದ್ದಿವೆ. ಅದರಲ್ಲಿ ಒಂದು ಪಾಲು ಹಳೆ ಕಾಗದಗಳ ಕಡೆಗೂ ಹೋಗಬಹುದು.