ತೊಂಬೆ ತೊಳೆದ ಊರಲ್ಲಿ ಪ್ರತಿಮೆಯ ಮಾತು

2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರಕ್ಕೆ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಸವರ್ಣೀಯರ ಬೀದಿಯ ತೊಂಬೆಯಲ್ಲಿ ನೀರು ಕುಡಿದರು. ಆಮೇಲೆ ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು, ಗೋಮೂತ್ರ ಹಾಕಿ ತೊಳೆಯಲಾಯಿತು. ಕೇಸ್ ಆಯಿತು. ತಹಶೀಲ್ದಾರರು ಬಂದು ಊರಿನ ದಲಿತರನ್ನು ತೊಂಬೆಯಿಂದ ತೊಂಬೆಗೆ ಕರೆದೊಯ್ದು ನೀರು ಕುಡಿಸಿದರು. ಸುದ್ದಿ ಅಲ್ಲಿಗೆ ಮುಗಿಯಿತು.

1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ಚವದಾರ್ ಕೆರೆಯ ನೀರು ಕುಡಿದಾಗ ಆದದ್ದೂ ಇದೇ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಅಂತ ಮುಂಬೈ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಆದರೂ ಕೆರೆಗೆ ಸಗಣಿ, ಗೋಮೂತ್ರ ಸುರಿದು ‘ಶುದ್ಧ’ ಮಾಡಿದರು. ದಲಿತರ ಪರ ಹೈಕೋರ್ಟ್ ತೀರ್ಪು ಬರೋಕೆ 1937 ಆಗಬೇಕಾಯಿತು. ಮುಂದೆ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರು ಹಿಡಿದೇ ಹೇಳಿತು. 95 ವರ್ಷದ ಮೇಲೆ ಹೆಗ್ಗೋಠಾರದಲ್ಲಿ ಬದಲಾಗಿದ್ದು ಇಷ್ಟೇ, ಕೆರೆಯ ಜಾಗದಲ್ಲಿ ತೊಂಬೆ ಇತ್ತು.

ಇನ್ನು ಪ್ರತಿಮೆ. ‘ಸರ್ಕಲ್‌ಗೊಂದು ಅಂಬೇಡ್ಕರ್ ನಿಲ್ಲಿಸಿ ಏನು ಬಂತು, ನೀರು ಕುಡಿಯೋಕೇ ಬಿಡಲಿಲ್ಲವಲ್ಲ’ ಅನ್ನುವ ಸ್ನೇಹಿತರು ನನಗೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅರಿಕುಠಾರ ಎಂಬ ಊರು 1818ರಲ್ಲಿ ಚಾಮರಾಜನಗರ ಆಯಿತು, ರಾಜರೊಬ್ಬರು ಇಲ್ಲಿ ಹುಟ್ಟಿದರು ಅನ್ನುವ ಕಾರಣಕ್ಕೆ. ಊರಿನ ದೊಡ್ಡ ದೇವಸ್ಥಾನವೂ ಚಾಮರಾಜೇಶ್ವರನದೇ. ಅದರಿಂದ ಏನು ಬಂತು ಅಂತ ಯಾರೂ ಕೇಳಲ್ಲ. ಊರಾಚೆ ಕೇರಿಯಲ್ಲಿ ಇರಿಸಿದವರ ನಾಯಕ ಊರ ನಡುವೆ ಬಂದು ನಿಂತಾಗ ಮಾತ್ರ ಎಲ್ಲರಿಗೂ ಟ್ರಾಫಿಕ್ ನೆನಪಾಗುತ್ತೆ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ರಸ್ತೆ ಫುಟ್‌ಪಾತ್‌ಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬೇಡಿ ಅಂದಿತು. ಸಂಚಾರದ ದೃಷ್ಟಿಯಿಂದ ಸರಿಯೇ. ಆದರೆ ಮೊದಲು ಹತ್ತಿದವರು ಸೀಟು ಹಿಡಿದು ಕೂತ ಮೇಲೆ ಬಸ್ ಫುಲ್ ಅಂದ ಹಾಗಾಯಿತು.

ಇಂಜಿನಿಯರಿಂಗ್ ಓದಿದ್ದರಿಂದಲೋ ಏನೋ, ನನ್ನ ಕಣ್ಣು ಪೈಪಿನ ಕಡೆಗೇ ಹೋಗುತ್ತೆ. ಬೀದಿಗೊಂದು ತೊಂಬೆ, ಕೇರಿಗೊಂದು ತೊಂಬೆ ಅಂದರೆ ಕೇಳೋಕೆ ಅನುಕೂಲ. ಬೀದಿಗಳೇ ಜಾತಿವಾರು ಇರುವ ಊರಲ್ಲಿ ಅದು ಸರ್ಕಾರಿ ದುಡ್ಡಲ್ಲಿ ಜಾತಿಗೊಂದು ತೊಂಬೆ ಕಟ್ಟಿಕೊಟ್ಟಂತೆ. ನಕ್ಷೆ ಬರೆದವರಿಗೆ ಜಾತಿ ಮಾಡುವ ಉದ್ದೇಶ ಇರಬೇಕೆಂದೇನಿಲ್ಲ, ಇರುವ ಊರನ್ನು ಹಾಗೇ ಎತ್ತಿ ಸಿಮೆಂಟಿನಲ್ಲಿ ಹಾಕಿದರೆ ಸಾಕು. ನಾಳೆ ಮನೆಮನೆಗೂ ನಲ್ಲಿ ಬಂದರೆ ಜಗಳ ಕಾಣಲ್ಲ. ಕಾಣದ್ದನ್ನು ಹೋಯಿತು ಅಂತ ಲೆಕ್ಕ ಬರೆದುಬಿಡುತ್ತೇವೆ.

ಹಾಗಂತ ನಿಯಮ ಜಾರಿಯಾಗದ ಜಿಲ್ಲೆ ಇದಲ್ಲ. ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ಹೆದ್ದಾರಿಯ ಮದ್ದೂರು ಚೆಕ್‌ಪೋಸ್ಟ್ ನೋಡಿ. ಬಂಡೀಪುರದ ಪ್ರಾಣಿಗಳಿಗಾಗಿ 2009ರಿಂದ ರಾತ್ರಿ 9ಕ್ಕೆ ಗೇಟು ಬೀಳುತ್ತೆ, ಬೆಳಿಗ್ಗೆ 6ಕ್ಕೆ ಏಳುತ್ತೆ. ಆಂಬುಲೆನ್ಸ್, ಕೆಲವೇ ಬಸ್ಸು ಬಿಟ್ಟರೆ ಎಂಥಾ ದೊಡ್ಡವರ ಕಾರಾದರೂ ಕಾಯಬೇಕು. ಆನೆಗೂ ಮನುಷ್ಯರಿಗೂ ಹೋಲಿಕೆ ಮಾಡುತ್ತಿಲ್ಲ, ಎರಡು ನಿಯಮಗಳನ್ನು ಹೋಲಿಸುತ್ತಿದ್ದೇನೆ. ಒಂದಕ್ಕೆ ಗೇಟಿದೆ, ಹೊತ್ತಿದೆ, ದಿನವೂ ಕಾಯುವ ಸಿಬ್ಬಂದಿ ಇದ್ದಾರೆ. ಇನ್ನೊಂದು ಸಂವಿಧಾನದಲ್ಲೇ ಇದ್ದರೂ ಅವಮಾನ ಆದ ಮೇಲೆ ಜೀಪಿನಲ್ಲಿ ಬರುತ್ತೆ.

ತಹಶೀಲ್ದಾರರು ಪಕ್ಕದಲ್ಲಿ ನಿಲ್ಲದಿದ್ದರೂ ಯಾರು ಬೇಕಾದರೂ ನೀರು ಕುಡಿಯಬಹುದಾ ಅಂತ ಊರೂರಿಗೆ ಹೋಗಿ ವರ್ಷಕ್ಕೊಮ್ಮೆಯಾದರೂ ನೋಡಬೇಕು, ನೋಡಿದ್ದನ್ನು ಗ್ರಾಮಸಭೆಯಲ್ಲಿ ಓದಬೇಕು. ಪಂಚಾಯಿತಿ ನೀರನ್ನು ಚರಂಡಿಗೆ ಬಿಟ್ಟವರಿಂದ ಅದರ ದುಡ್ಡೂ ವಸೂಲಾಗಬೇಕು. ಏಪ್ರಿಲ್ 14ಕ್ಕೆ ಹಾರ ಹಿಡಿದು ಬರುವ ಜನಪ್ರತಿನಿಧಿಗಳನ್ನು ಪ್ರತಿಮೆ ಮುಂದೆಯೇ ನಿಲ್ಲಿಸಿ ಕೇಳಿ: ಸ್ವಾಮಿ, ನಿಮ್ಮ ಕ್ಷೇತ್ರದಲ್ಲಿ ಹೀಗೆ ನೋಡಿ ಬಂದ ಊರುಗಳ ಪಟ್ಟಿ ಎಲ್ಲಿ?