ಇಲಿ ಹೋದ ಮೇಲೆ ಬೇಟೆ ಹಕ್ಕಿಗಳ ಲೆಕ್ಕ ಯಾರು ಇಡ್ತಾರೆ?

ಇವತ್ತಿನ ಸಂಚಿಕೆಯಲ್ಲಿ ಸಂದರ್ಶನ ಇಲ್ಲ. ಒಂದು ವಿಷಯದ ಬಗ್ಗೆ ನಮ್ಮ ಅಭಿಪ್ರಾಯ ಹೇಳ್ತೀವಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್‌ನಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಫ್ಯಾರಲಾನ್ ದ್ವೀಪಗಳಿವೆ. ಮಂಜಿಲ್ಲದ ದಿನ ಓಷನ್ ಬೀಚ್‌ನಲ್ಲಿ ನಿಂತ್ರೆ ಆ ಬಂಡೆಗಳು ಕಾಣ್ತವೆ. ಜನ ಸುಮ್ಮನೆ ಹೋಗೋ ಹಾಗಿಲ್ಲ. ಯಾಕಂದ್ರೆ ಅದು ಲಕ್ಷಾಂತರ ಕಡಲ ಹಕ್ಕಿಗಳು ಮೊಟ್ಟೆ ಇಡೋ ಜಾಗ. ಅದರ ಜೊತೆಗೆ ಹತ್ತೊಂಬತ್ತನೇ ಶತಮಾನದಲ್ಲಿ ಹಡಗುಗಳಲ್ಲಿ ಬಂದಿಳಿದ ಇಲಿಗಳೂ ಇವೆ. ನಾವು ಮನೆಯಲ್ಲಿ ಬೋನು ಇಟ್ಟು ಹಿಡೀತೀವಲ್ಲ, ಅದೇ ಪುಟ್ಟ ಇಲಿ. ಶರತ್ಕಾಲದಲ್ಲಿ ಅವುಗಳ ಸಂಖ್ಯೆ ಒಂದು ಹೆಕ್ಟೇರಿಗೆ ಸಾವಿರ ದಾಟುತ್ತೆ.

ಈ ಇಲಿಗಳಿಂದ ಹಕ್ಕಿಗಳಿಗೆ ಆಗೋ ದೊಡ್ಡ ತೊಂದರೆ ಸುತ್ತುಬಳಸಿ ಬರುತ್ತೆ. ವಲಸೆ ಹೊರಟ ಬರೋಯಿಂಗ್ ಔಲ್, ಅಂದ್ರೆ ಬಿಲದಲ್ಲಿ ವಾಸಿಸೋ ಪುಟ್ಟ ಗೂಬೆ, ಶರತ್ಕಾಲದಲ್ಲಿ ದ್ವೀಪಕ್ಕೆ ಬಂದಿಳಿಯುತ್ತೆ. ಒಂದೆರಡು ದಿನ ಸುಧಾರಿಸಿಕೊಂಡು ಮುಂದೆ ಹೋಗಬೇಕಾದ ಹಕ್ಕಿ, ಎಲ್ಲಿ ನೋಡಿದ್ರೂ ಇಲಿ ಇರೋದ್ರಿಂದ ಅಲ್ಲೇ ಉಳಿದುಬಿಡುತ್ತೆ. ಚಳಿಗಾಲಕ್ಕೆ ಇಲಿಗಳ ಸಂಖ್ಯೆ ಕುಸಿಯುತ್ತೆ. ಹಸಿದ ಗೂಬೆ ಆಗ ಆ್ಯಶಿ ಸ್ಟಾರ್ಮ್ ಪೆಟ್ರೆಲ್ ಹಿಡಿಯೋಕೆ ಶುರು ಮಾಡುತ್ತೆ. ಇದು ನಲವತ್ತು ಗ್ರಾಂ ಆಸುಪಾಸು ತೂಗೋ, ಕತ್ತಲಲ್ಲಷ್ಟೇ ಗೂಡಿಗೆ ಬರೋ, ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಕಡಲ ಹಕ್ಕಿ. ಇಡೀ ಜಗತ್ತಿನಲ್ಲಿರೋ ಈ ಹಕ್ಕಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಈ ದ್ವೀಪಗಳಲ್ಲೇ ಮರಿ ಮಾಡೋದು. ಹಾಗಾಗಿ ಬೆರಳೆಣಿಕೆಯ ಗೂಬೆಗಳೂ ಇದಕ್ಕೆ ಭಾರವೇ.

ಅಮೆರಿಕದ ಫಿಶ್ ಆ್ಯಂಡ್ ವೈಲ್ಡ್‌ಲೈಫ್ ಸರ್ವಿಸ್‌ನ ಯೋಜನೆ ಏನಂದ್ರೆ, ಹೆಲಿಕಾಪ್ಟರ್‌ನಿಂದ ಬ್ರೋಡಿಫಾಕಮ್ ಅನ್ನೋ ವಿಷ ಬೆರೆಸಿದ ಕಾಳು ಉದುರಿಸಿ ಒಂದೂ ಇಲಿ ಉಳಿಯದ ಹಾಗೆ ಮಾಡೋದು. ಕ್ಯಾಲಿಫೋರ್ನಿಯಾ ಕೋಸ್ಟಲ್ ಕಮಿಷನ್ 2021ರ ಡಿಸೆಂಬರ್‌ನಲ್ಲಿ 5–3 ಮತಗಳಿಂದ ಇದಕ್ಕೆ ಒಪ್ಪಿಗೆ ಕೊಟ್ಟಿತು. ವಿರೋಧ ಜೋರಾಗಿಯೇ ಇತ್ತು. ಅದು ಬರೀ ಭಾವುಕತೆ ಅಂತ ತಳ್ಳಿಹಾಕೋದು ಸರಿಯಲ್ಲ. ವೆಸ್ಟರ್ನ್ ಗಲ್ ಅನ್ನೋ ಕಡಲ ಹಕ್ಕಿಯ ಅತಿ ದೊಡ್ಡ ನೆಲೆಗಳಲ್ಲಿ ಇದೂ ಒಂದು. ಅದು ಬೇಟೆನೂ ಆಡುತ್ತೆ, ಸತ್ತಿದ್ದನ್ನೂ ತಿನ್ನುತ್ತೆ. ವಿಷದ ಕಾಳನ್ನೋ, ವಿಷ ತಿಂದ ಇಲಿಯನ್ನೋ ಅದು ತಿಂದ್ರೆ? ಅಲಾಸ್ಕಾದ ರ‍್ಯಾಟ್ ಐಲ್ಯಾಂಡ್‌ನಲ್ಲಿ 2008ರಲ್ಲಿ ಇಲಿ ತೆಗೆದ ಮೇಲೆ 400ಕ್ಕೂ ಹೆಚ್ಚು ಹಕ್ಕಿಗಳು ಸತ್ತು ಸಿಕ್ಕವು. ಹೆಚ್ಚಿನವು ಗಲ್‌ಗಳು, 46 ಬಾಲ್ಡ್ ಈಗಲ್‌ಗಳು.

ಹಾಗಂತ ಸುಮ್ಮನಿರೋಣವೇ? ಬೇಡ ಅಂತೀವಿ ನಾವು. ಇದೇ ಫ್ಯಾರಲಾನ್‌ನಲ್ಲಿ 1970ರ ದಶಕದ ಆರಂಭದಲ್ಲಿ ಮೊಲಗಳನ್ನು ತೆಗೆದ ಮೇಲೆ, ನೂರು ವರ್ಷ ಗೂಡು ಮಾಡದಿದ್ದ ರೈನೋಸರಸ್ ಆಕ್ಲೆಟ್ ಮರಳಿ ಬಂತು. ಇಲಿಗಳು ಹೋಗಬೇಕು. ಆದ್ರೆ ಕೊನೆಯ ಇಲಿ ಸತ್ತ ದಿನವೇ ಗೆದ್ದೆವು ಅಂತ ಲೆಕ್ಕದ ಪುಸ್ತಕ ಮುಚ್ಚಿಡೋದಕ್ಕೆ ನಮ್ಮ ತಕರಾರಿದೆ.

ಯಾಕೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಮ್ಯಾಕ್ವಾರಿ ದ್ವೀಪ ನೋಡಿ. ಟಾಸ್ಮೇನಿಯಾ ಮತ್ತು ಅಂಟಾರ್ಕ್ಟಿಕಾ ನಡುವೆ ಇದೆ. ಅಲ್ಲಿನ ಮೊಲ, ಹೆಗ್ಗಣ, ಇಲಿಗಳಿಗೆ 2010 ಮತ್ತು 2011ರಲ್ಲಿ ವಿಷ ಹಾಕಿದ್ರು. 2014ರಲ್ಲಿ ದ್ವೀಪ ಪೂರ್ತಿ ಮುಕ್ತ ಅಂತ ಘೋಷಣೆ ಆಯ್ತು. ಗಿಡಗಳು ಚಿಗುರಿದವು, ಬಿಲದಲ್ಲಿ ಗೂಡು ಮಾಡೋ ಪೆಟ್ರೆಲ್‌ಗಳು ಹೆಚ್ಚಿದವು. ಆದ್ರೆ ಬ್ರೌನ್ ಸ್ಕುವಾ ಅನ್ನೋ ಬೇಟೆಗಾರ ಕಡಲ ಹಕ್ಕಿ ಕಡಿಮೆಯಾಯ್ತು. ಕೆಲವು, ವಿಷ ತಿಂದು ಸತ್ತ ಮೊಲಗಳನ್ನು ತಿಂದು ಸತ್ತವು. ಉಳಿದವಕ್ಕೆ ಮೊಲದ ಊಟ ತಪ್ಪಿಹೋಯ್ತು.

ಇವೆರಡೂ ಒಂದೇ ಅಲ್ಲ. ವಿಷದಿಂದಾದ ಸಾವು ನಮ್ಮ ಕೈಯಿಂದಾದದ್ದು. ಅದನ್ನು ಕಡಿಮೆ ಮಾಡೋ ಹೊಣೆ ನಮ್ಮದೇ. ಊಟ ಕಡಿಮೆಯಾಗಿ ಸಂಖ್ಯೆ ಇಳಿಯೋದು ಬೇರೆ. ನಾವೇ ತಂದ ಮೊಲ ತಿಂದು ಬೆಳೆದ ಸಂಖ್ಯೆ ಅದು. ಅದೇ ಸಹಜ ಸಂಖ್ಯೆ ಅಂತ ಹಿಡಿದು ಅಳೆಯೋಕಾಗಲ್ಲ. ಹಾಗೇ ಅದು ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ನೋಡದೇ ಬಿಡೋಕೂ ಆಗಲ್ಲ. ಹಸಿದ ಬೇಟೆ ಹಕ್ಕಿ, ನಾವು ಉಳಿಸೋಕೆ ಹೊರಟ ಹಕ್ಕಿಯನ್ನೇ ಹಿಡಿಯಬಹುದು.

ಫ್ಯಾರಲಾನ್‌ಗೂ ಇದೇ ಮಾತು. ಗೂಬೆಗಳು ಅಲ್ಲಿ ನಿಲ್ಲದಿದ್ರೆ ನಷ್ಟವೇನಿಲ್ಲ, ಅವುಗಳ ನೆಲೆ ದಡದಲ್ಲೇ ಇದೆ. ಕಾಳು ಉದುರಿಸುವ ಮೊದಲು ಅವನ್ನು ಹಿಡಿದು ಸಾಗಿಸೋದು ಯೋಜನೆಯಲ್ಲೇ ಇದೆ. ಗಲ್‌ಗಳ ಕಥೆ ಬೇರೆ. ಅವು ಅಲ್ಲಿಯ ಒಕ್ಕಲು. ಅವನ್ನು ಸದ್ದು ಮಾಡಿ ಓಡಿಸ್ತೀವಿ ಅನ್ನುತ್ತೆ ಯೋಜನೆ. ಓಡಿಸೋದು ಫಲ ಕೊಡದಿದ್ರೆ ಕೆಲಸ ಎಲ್ಲಿ ನಿಲ್ಲಿಸ್ತೀರಿ ಅನ್ನೋದು ಮೊದಲೇ ಬರೆದಿರಬೇಕು, ಜನರಿಗೆ ಗೊತ್ತಿರಬೇಕು.

ಪಾಯಿಂಟ್ ಬ್ಲೂ ಸಂಸ್ಥೆಯವರು 1968ರಿಂದ ಅಲ್ಲಿ ಹಕ್ಕಿ ಎಣಿಸ್ತಾ ಬಂದಿದ್ದಾರೆ. ಇಂಥ ದಾಖಲೆ ಇರೋ ದ್ವೀಪ ಅಪರೂಪ. ಹೆಲಿಕಾಪ್ಟರ್‌ಗೆ ದುಡ್ಡು ಹೊಂದಿಸೋದು ಸುಲಭ, ಹತ್ತು ವರ್ಷ ಕೂತು ಎಣಿಸೋರಿಗೆ ಹೊಂದಿಸೋದು ಕಷ್ಟ. ಎರಡಕ್ಕೂ ಒಂದೇ ದಿನ ಸಹಿ ಬೀಳಲಿ. ಇಷ್ಟೇ ನಮ್ಮ ವಾದ. ನೀವೇನಂತೀರಿ, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.