ಎರಡು ತಿಂಗಳು ಅವಳು ಎಲ್ಲಿರಬೇಕು?

ಹೆಂಗಸರು ಕಾನೂನನ್ನು ದುರ್ಬಳಕೆ ಮಾಡುತ್ತಿದ್ದಾರಂತೆ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರು ಹೆಂಡತಿಯ ಕೇಸುಗಳನ್ನು ದೂರಿ ಪ್ರಾಣ ಕಳೆದುಕೊಂಡ ಮೇಲೆ ಈ ಮಾತು ಕೇರಳದ ಗಡಿಯೂರಾದ ನಮ್ಮ ಹೊಸಂಗಡಿಯ ಹೋಟೆಲಿನಿಂದ ಮದುವೆ ಹಾಲಿನ ಊಟದ ಪಂಕ್ತಿಯವರೆಗೆ ತೀರ್ಪಿನ ಹಾಗೆ ಓಡಾಡುತ್ತಿದೆ. ಆ ಸಾವು ಘೋರವೇ. ಆದರೆ ಅದನ್ನು ಮುಂದಿಟ್ಟುಕೊಂಡು ಏಟು ತಿಂದವರನ್ನೆಲ್ಲ ಸುಳ್ಳುಗಾರ್ತಿಯರ ಸಾಲಿನಲ್ಲಿ ನಿಲ್ಲಿಸುವವರು ಒಂದು ಲೆಕ್ಕ ಕೇಳಿಸಿಕೊಳ್ಳಲಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ 100 ಹೆಂಗಸರಲ್ಲಿ 77 ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಲ್ಲ. ಪೊಲೀಸರ ಮಾತಿರಲಿ, ಹೆತ್ತ ತಾಯಿಗೂ ಹೇಳಿಲ್ಲ. ಬಾಯಿಯನ್ನೇ ತೆರೆಯದವಳು ಕಾನೂನನ್ನು ದುರ್ಬಳಕೆ ಮಾಡುವುದು ಹೇಗೆ?

ಈಗ ಮಾತಾಡುವ ಉಳಿದವರ ಬಾಯಿಗೂ ಬೀಗ. 2025ರ ಜುಲೈ 22ರಂದು ಸುಪ್ರೀಂ ಕೋರ್ಟು ಅಲಹಾಬಾದ್ ಹೈಕೋರ್ಟಿನ 2022ರ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು: ಗಂಡ, ಅತ್ತೆಮನೆಯವರ ಕ್ರೌರ್ಯದ ವಿರುದ್ಧ ಹಳೆಯ ದಂಡ ಸಂಹಿತೆಯ 498ಎ ದೂರು ಬಂದರೆ ಎರಡು ತಿಂಗಳು ಬಂಧನವಿಲ್ಲ, ಮೊದಲು ಕುಟುಂಬ ಕಲ್ಯಾಣ ಸಮಿತಿ ಕೂರಲಿ. ಇಂಥದ್ದೇ ಸಮಿತಿಗಳನ್ನು 2017ರಲ್ಲಿ ತಂದು 2018ರಲ್ಲಿ ಕೈಬಿಟ್ಟದ್ದು ಇದೇ ಕೋರ್ಟು. ಮನಬಂದಂತೆ ಬಂಧಿಸಬಾರದೆಂದು 2014ರಲ್ಲೇ ಇದೇ ಕೋರ್ಟಿನ ಅರ್ನೇಶ್ ಕುಮಾರ್ ತೀರ್ಪು ಪೊಲೀಸರ ಕೈ ಕಟ್ಟಿದೆ. ಮತ್ತೆ ಈ ಎರಡು ತಿಂಗಳು ಯಾರ ಅನುಕೂಲಕ್ಕೆ? ಅಷ್ಟು ದಿನ ಅವಳು ಯಾರ ಮನೆಯಲ್ಲಿರಬೇಕು?

ನಮ್ಮೂರಿಗೆ ಸಮಿತಿ ಹೊಸತಲ್ಲ. ಗುರಿಕಾರರು, ಜಮಾಅತಿನವರು, ಸೋದರಮಾವಂದಿರು ಕೂತು ಮಾಡುವ ಪಂಚಾತಿಕೆ ಮೊದಲಿಂದಲೂ ಇದೆ. ಮಕ್ಕಳ ಮುಖ ನೋಡು, ಸ್ವಲ್ಪ ಹೊಂದಿಕೊ, ಮನೆಯ ಮರ್ಯಾದೆ. 77 ಮಂದಿಯ ಬಾಯಿ ಮುಚ್ಚಿಸಿದ್ದು ಈ ಮೂರು ಮಾತುಗಳೇ. 2021ರ ಜೂನಿನಲ್ಲಿ ಟಿವಿ ಕಾರ್ಯಕ್ರಮಕ್ಕೆ ಫೋನ್ ಮಾಡಿ ಗಂಡನ ಹಿಂಸೆ ಹೇಳಿಕೊಂಡ ಹೆಣ್ಣಿಗೆ, ದೂರು ಕೊಡದಿದ್ದರೆ ಅನುಭವಿಸು ಎಂದವರು ಕೇರಳ ಮಹಿಳಾ ಆಯೋಗದ ಅಧ್ಯಕ್ಷೆ ಎಂ.ಸಿ. ಜೋಸೆಫೀನ್. ರಾಜೀನಾಮೆ ಕೊಡಬೇಕಾಯಿತು. ಹಾಗೆ ಹೇಳುವವರು ಊರೂರಿನಲ್ಲಿದ್ದಾರೆ, ಅವರಿಗೆ ಯಾವ ರಾಜೀನಾಮೆಯೂ ಇಲ್ಲ.

ಗಡಿಯ ಹೆಣ್ಣಿನ ಪಾಡು ಬೇರೆ. ಕೇರಳದ ಮಂಜೇಶ್ವರದ ಹುಡುಗಿಯನ್ನು ತಲಪಾಡಿ ಗಡಿ ದಾಟಿಸಿ ಕರ್ನಾಟಕದ ಬಂಟ್ವಾಳಕ್ಕೋ ಮಂಗಳೂರಿಗೋ ಕೊಡುತ್ತೇವೆ. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ಶೇ. 44.4, ಕೇರಳದಲ್ಲಿ ಶೇ. 9.9. ಏಟು ತಿಂದು ತವರಿಗೆ ಬಂದವಳಿಗೆ, ಅದು ಕರ್ನಾಟಕದ ಕೇಸು, ಅಲ್ಲಿಗೇ ಹೋಗಿ ಎಂದರೆ ಅದು ಹಸಿ ಸುಳ್ಳು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅವಳು ತಾತ್ಕಾಲಿಕವಾಗಿ ನೆಲೆಸಿದ ಊರಿನ ಕೋರ್ಟೇ ಸಾಕು. 498ಎ ದೂರನ್ನೂ ತವರಿನಲ್ಲೇ ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಇನ್ನು ಭಾಷೆ. ಗಡಿನಾಡ ಕನ್ನಡಿಗರಾದ ನಾವು, ಈ ನೆಲ ಕೇರಳಕ್ಕೆ ಸೇರಿದ 1956ರಿಂದ ಶಾಲೆಗಾಗಿ, ನಾಮಫಲಕಕ್ಕಾಗಿ ಬೀದಿಗಿಳಿದಿದ್ದೇವೆ. ಇಳಿಯಲೇಬೇಕಿತ್ತು. ಆದರೆ ಮಲಯಾಳ ಬಾರದ ಹೆಣ್ಣಿನ ಗೋಳನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುವ ಅಧಿಕಾರಿ ಬೇಕೆಂದು ಎಷ್ಟು ಮೆರವಣಿಗೆ ಹೊರಟಿವೆ? ಅಹವಾಲನ್ನು ತನ್ನ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಡುವ ಸಂವಿಧಾನದ 350ನೇ ವಿಧಿ ಅವಳಿಗೂ ಇದೆ. ಕನ್ನಡದ ಹೋರಾಟದಲ್ಲಿ ಅವಳು ಸಭೆಗೆ ಕುರ್ಚಿ ತುಂಬಲು ಮಾತ್ರವೇ?

ಕೌಟುಂಬಿಕ ಹಿಂಸೆ ಕಾಯ್ದೆಯಡಿ ತಾಲೂಕು ಮಟ್ಟದಲ್ಲೂ ಸಂರಕ್ಷಣಾ ಅಧಿಕಾರಿಗಳನ್ನು ನೇಮಿಸಿ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಆರು ವಾರ ಕೊಟ್ಟಿತು. ದುರ್ಬಳಕೆಯ ಬಗ್ಗೆ ಗಂಟಲು ಹರಿದುಕೊಳ್ಳುವವರು ಈ ಆದೇಶದ ಹೆಸರೆತ್ತುವುದಿಲ್ಲ. ಮಂಜೇಶ್ವರ ತಾಲೂಕಿನ ಕೇಂದ್ರವಾದ ಉಪ್ಪಳದಲ್ಲೇ ಕನ್ನಡ, ತುಳು ಬಲ್ಲ ಅಧಿಕಾರಿ ಕೂರಬೇಕು. ಹೆಂಗಸರ ದೂರು ಆಲಿಸಬೇಕಾದ ಪ್ರತಿ ಪಂಚಾಯತಿನ ಜಾಗ್ರತಾ ಸಮಿತಿ ಪ್ರತಿ ತಿಂಗಳು ಸಭೆ ಸೇರಿ, ಎಷ್ಟು ದೂರು ಬಂತು, ಏನಾಯಿತು ಎಂದು ಊರಿಗೆ ಹೇಳಬೇಕು.

ಇದನ್ನು ಓದುತ್ತಿರುವ ತಂಗಿ, ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕನ್ನು ಕೌಟುಂಬಿಕ ಹಿಂಸೆ ಕಾಯ್ದೆಯ 17ನೇ ಸೆಕ್ಷನ್ ನಿನಗೆ ಕೊಟ್ಟಿದೆ. ನಿನ್ನ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡಲೇಬೇಕು. 181ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡು.